ಸುಣ್ಣದ ಗೆರೆಯ ಬಾಗಿಲು

ಪಾಯ ಮುಗಿದು, ಒಳಗೆ ಮಣ್ಣು ತುಂಬಿ, ನೀರು ಹೊಯ್ದು ದಮ್ಮಸ್ಸು ಮಾಡಿದ್ದಾಯಿತು. ಗಾರೆ ಕೆಲಸದ ಅಡವಯ್ಯ ಹಳೇ ಡಬ್ಬಿಯೊಂದರ ತಳಕ್ಕೆ ತೂತು ಕೊರೆದು, ಸುಣ್ಣದ ಪುಡಿ ತುಂಬಿಕೊಂಡು, ಕಟ್ಟಿದ ದಾರದ ನೇರಕ್ಕೆ ಗೋಡೆಗಳ ಗೆರೆ ಬಿಡುತ್ತಾ ಹೋದ. ಬಾಗಿಲು ಬರುವ ಕಡೆ ಡಬ್ಬಿ ಎತ್ತಿ ಜಾಗ ಬಿಟ್ಟ. ಮಾರನೆಯ ದಿನ ಒಳ್ಳೆಯ ಗಳಿಗೆ ಇತ್ತು. ಬಾಗಿಲುಗಳ ಚೌಕಟ್ಟು ನಿಲ್ಲಿಸಿ ಗೋಡೆ ಏರಿಸುವುದೆಂದು ನಿಶ್ಚಯವಾಗಿತ್ತು.

ಗೆರೆಯೊಳಗೆ ನಿಂತ ಬೋರಣ್ಣ ಸುತ್ತ ಒಮ್ಮೆ ನೋಡಿದ. ಅವನ ಮುಖ ಸಪ್ಪಗಾಯಿತು.

"ಇದೇನ್ಲಾ ಅಡವಯ್ಯ, ನಮ್ಮ ಕುರಿ ರೊಪ್ಪ ಇದಕ್ಕಿಂತ ದೊಡ್ಡದೈತಲ್ಲೋ! ಈ ನಡುಮನೇಲಿ ನಾನು ಕಾಲು ಚಾಚಿದ್ರೆ ಗೋಡೆಗೆ ಒದ್ದಂಗಾಯ್ತದೆ."

"ಎಲ್ರೂ ಇದೇ ಮಾತು ಅಂತಾರೆ ಬೋರಣ್ಣ," ಎಂದ ಅಡವಯ್ಯ ಬೀಡಿ ಹಚ್ಚುತ್ತಾ. "ಆಕಾಶದ ಕೆಳಗೆ ಯಾವ ಮನೆಯಾದ್ರೂ ಚಿಕ್ಕದೇ. ನಂಬಿಕೆ ಇಲ್ದಿದ್ರೆ ಮಂಚ ತಂದು ಹಾಕು, ಮಡಿಕೆ ಕುಡಿಕೆ ತಂದಿಡು. ಸಾಯಂಕಾಲದವರೆಗೂ ಇದ್ರೊಳಗೆ ಇದ್ದು ನೋಡು. ಆಮೇಲೆ ಹೇಳು."

ತಮಾಷೆಗೆ ಹೇಳಿದ ಮಾತು ನಿಜವೇ ಆಯಿತು. ಬೋರಣ್ಣನ ಹೆಂಡತಿ ಹೊನ್ನಕ್ಕನಿಗೆ ಇಂಥದ್ದೆಂದರೆ ಎಲ್ಲಿಲ್ಲದ ಹುರುಪು. ಹಗ್ಗದ ಮಂಚ ಬಂತು, ಕಂಬಳಿ ಬಂತು, ನೀರಿನ ಬಿಂದಿಗೆ ಬಂತು. ಅಡಿಗೆ ಮನೆಯ ಗೆರೆಯೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅಲ್ಲಿ ಬಚ್ಚಲ ಕಡೆಯ ಗೋಡೆಯ ಉದ್ದಕ್ಕೂ ಕಾಳುಕಡ್ಡಿ ತುಂಬುವ ಮಡಿಕೆಗಳ ಅಡಕಲು ಜೋಡಿಸಬೇಕೆಂಬುದು ಅವಳ ಬಹುದಿನದ ಆಸೆ. ಖಾಲಿ ಮಡಿಕೆಗಳನ್ನು ತಂದು, ಒಂದರ ಮೇಲೊಂದು ಏರಿಸಿ, ದೂರ ನಿಂತು ನೋಡಿ, "ಹಿಂಗಿರ್ಬೇಕು ಕಣಮ್ಮ," ಎಂದು ಸೊಸೆಯ ಕಡೆ ತಿರುಗಿ ನಕ್ಕಳು.

ಸೊಸೆ ಕ್ಯಾತಮ್ಮನೂ ನಕ್ಕಳು, ಸದ್ದಿಲ್ಲದೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವಳು ಮಾವನ ಎದುರಿಗೆ ಒಂದು ಪೂರ್ತಿ ಮಾತು ಆಡಿದವಳಲ್ಲ. ಕೇಳಿದ್ದಕ್ಕೆ ತಲೆಯಾಡಿಸುವಳು, ತೀರಾ ಬೇಕೆಂದರೆ "ಹೂಂ" ಅನ್ನುವಳು. ಆದರೆ ಅವಳ ಕಣ್ಣು ಸುಮ್ಮನಿರುವ ಕಣ್ಣಲ್ಲ. ಯಾವ ಕುರಿ ಮೇವು ಬಿಟ್ಟಿದೆ, ಅತ್ತೆಯ ಯಾವ ಮೊಣಕಾಲು ನೋಯುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಆ ದಿನ ಎಲ್ಲರೂ ಗೆರೆಗಳನ್ನು ದಾಟಿ ಬೇಕಾದ ಕಡೆ ಓಡಾಡುತ್ತಿದ್ದರು. ಕ್ಯಾತಮ್ಮ ಮಾತ್ರ ಬಾಗಿಲ ಜಾಗ ಹುಡುಕಿ ಅಲ್ಲಿಂದಲೇ ಒಳಗೆ ಹೋಗಿ, ಅಲ್ಲಿಂದಲೇ ಹೊರಗೆ ಬರುತ್ತಿದ್ದಳು.

"ಅಲ್ಲಿ ಗೋಡೆ ಇಲ್ಲ ಕಣೇ, ತಲೆ ಹೊಡಿಯಲ್ಲ, ಬಾ," ಎಂದು ಹೊನ್ನಕ್ಕ ಕಿಚಾಯಿಸಿದಳು.

ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಹನುಮಯ್ಯ ಬಂದು ಬೋರಣ್ಣನ ಮಂಚದ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡ. ಕ್ಯಾತಮ್ಮ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಬಚ್ಚಲಿಗೆ ಹೊರಟಳು. ಅಡಿಗೆ ಮನೆಯೂ ಬಚ್ಚಲೂ ಗೋಡೆಗೆ ಗೋಡೆ ಅಂಟಿಕೊಂಡಿದ್ದರೂ ಬಚ್ಚಲಿನ ಬಾಗಿಲಿದ್ದದ್ದು ನಡುಮನೆಯ ಕಡೆಗೆ. ಹಾಗಾಗಿ ಸುತ್ತಿಕೊಂಡು ನಡುಮನೆ ಹಾಯ್ದೇ ಹೋಗಬೇಕು. ಒಳಗೆ ಹೋಗಿ ಬಿಂದಿಗೆ ಇಳಿಸಿ, ಹಿಂದಿರುಗಿ ಬಾಗಿಲ ಜಾಗದಲ್ಲಿ ನಿಂತಳು. ಎದುರಿಗೆ ಮಂಚ. ಮಂಚದ ಮೇಲೆ ಮಾವ, ಮಾವನ ಪಕ್ಕ ದೊಡ್ಡಹನುಮಯ್ಯ.

ಸುತ್ತಲೂ ಬಟ್ಟಬಯಲು. ಅತ್ತ ಹೊಲದವರೆಗೆ, ಇತ್ತ ಗುಡ್ಡದವರೆಗೆ ಎಲ್ಲ ಎಲ್ಲರಿಗೂ ಕಾಣುತ್ತಿತ್ತು. ಆದರೂ ಆ ಮೂರಡಿ ಜಾಗದಲ್ಲಿ ನಿಂತಾಗ ಅವಳಿಗೆ ಒದ್ದೆ ತಲೆ ಬಿಚ್ಚಿಕೊಂಡು ಊರ ಮುಂದೆ ನಿಂತಂತಾಯಿತು. ಹಳೇ ಮನೆಯಲ್ಲೂ ಹೀಗೆಯೇ. ಗಂಡಸರು ಏಳುವ ಮುಂಚೆ ನೀರು ಹುಯ್ದುಕೊಂಡರೆ ಆಯಿತು, ಇಲ್ಲವಾದರೆ ಆ ದಿನ ಸ್ನಾನವೇ ಇಲ್ಲ. ಹೊಸ ಮನೆಯಲ್ಲಿ ಹಾಗಿರುವುದಿಲ್ಲ ಎಂದುಕೊಂಡಿದ್ದಳು. ನಾಳೆ ಚೌಕಟ್ಟು ನಿಂತು ಇಟ್ಟಿಗೆ ಏರಿತೆಂದರೆ ಸಾಯುವ ತನಕ ಇದೇ ಬಾಗಿಲು.

ಶಿರಾ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಡ ಅಂಜನಪ್ಪ ಸಂಜೆ ಬಂದಾಗ ಅವನ ಕಿವಿಯಲ್ಲಿ ಹೇಳಿದಳು. ಮನೆಯ ಪ್ಲಾನು ಬರೆಸಿಕೊಂಡು ಬಂದಿದ್ದವನು ಅವನೇ. ಅವನು ಕೇಳಿ, ತಲೆ ಕೆರೆದುಕೊಂಡು, "ಹೌದಲ್ಲ ಮಾರಾಯ್ತಿ, ಪ್ಲಾನು ಬರೆಯೋನಿಗೂ ನಂಗೂ ಇದು ಹೊಳೀಲೇ ಇಲ್ಲ. ಆದ್ರೆ ಬಚ್ಚಲಿಗೆ ಅಡಿಗೆ ಮನೆ ಕಡೆಯಿಂದ ಬಾಗ್ಲು ಮಾಡಿದ್ರೆ ಅವ್ವನ ಅಡಕಲು ಎಲ್ಲಿಗೆ ಹೋಗ್ತದೆ? ಅಪ್ಪಂಗೆ ನೀನೇ ಹೇಳಿಬುಡು," ಎಂದು ನಕ್ಕ. ಅವಳಿಂದ ಆಗದೆಂಬುದು ಅವನಿಗೆ ಗೊತ್ತು. ನಕ್ಕಿದ್ದಕ್ಕೆ ಅವನಿಗೇ ಕೆಡುಕೆನಿಸಿ, "ನಾಳೆ ನೋಡಾನ ಬುಡು," ಎಂದೂ ಸೇರಿಸಿದ. ಆದರೆ ಅವನ ಬಸ್ಸು ಹೊರಡುವುದು ಬೆಳಿಗ್ಗೆಯೇ.

ಬೆಳಗಾಗುತ್ತಲೇ, ಪೂಜೆಯ ಜಾಗ ಸಾರಿಸಿ ರಂಗೋಲಿ ಬಿಟ್ಟು ಬಾ ಎಂದು ಹೊನ್ನಕ್ಕ ಸೊಸೆಯನ್ನು ಕಳಿಸಿದಳು. ಕ್ಯಾತಮ್ಮ ತಲೆಬಾಗಿಲ ಮುಂದೆ ಸಾರಿಸಿದಳು, ರಂಗೋಲಿ ಬಿಟ್ಟಳು. ಕೈಯಲ್ಲಿ ಇನ್ನೂ ಒಂದು ಹಿಡಿ ಪುಡಿ ಉಳಿದಿತ್ತು. ಅದನ್ನು ಹಿಡಿದುಕೊಂಡು ನಡುಮನೆಗೆ ಬಂದು ಬಚ್ಚಲಿನ ಎದುರು ಕೂತಳು. ಬಾಗಿಲ ಜಾಗಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು. ಆಮೇಲೆ ಅಡಿಗೆ ಮನೆ ಕಡೆಯ ಗೆರೆಯಲ್ಲಿ, ಅಡಕಲಿನ ಪಕ್ಕ, ಪೊರಕೆಯಿಂದ ಮೂರಡಿ ಗುಡಿಸಿ ಹಾಕಿದಳು. ಪೊರಕೆ ಕಂಕುಳಲ್ಲಿ ಇರುಕಿಕೊಂಡು ಇಟ್ಟಿಗೆ ರಾಶಿಯ ಹಿಂದೆ ಹೋಗಿ ನಿಂತುಬಿಟ್ಟಳು.

ಅಡವಯ್ಯ ಬಂದವನೇ ಕಂಡುಹಿಡಿದ. "ಬೋರಣ್ಣ, ಬಚ್ಚಲ ಬಾಗ್ಲು ಯಾರೋ ಮುಚ್ಚವ್ರಲ್ಲಪ್ಪ!"

"ಯಾರ್ಲಾ ಅದು ಗೆರೆ ಕೆಡಿಸಿದ್ದು? ಕುರಿ ನುಗ್ಗಿದ್ವಾ?"

"ನಿಮ್ ಕುರಿ ಇಷ್ಟು ಚೆಂದಾಗಿ ಗೆರೆ ಎಳೀತವಾ? ನೋಡು ಬಾ."

ಡಬ್ಬಿಯಿಂದ ಸುರಿದ ಗೆರೆ ಬೆರಳಿನಷ್ಟು ದಪ್ಪ. ಹೊಸದು ನೂಲಿನಂತೆ ಸಣ್ಣ, ಎಲ್ಲೂ ನಡುಗಿರಲಿಲ್ಲ. ತುದಿಯಲ್ಲಿ ಕೈ ಅಭ್ಯಾಸಬಲದಿಂದ ಒಂದು ಪುಟ್ಟ ಮೊಗ್ಗನ್ನೂ ಬಿಟ್ಟಿತ್ತು. ಹೊನ್ನಕ್ಕ ಆ ಮೊಗ್ಗನ್ನು ನೋಡಿದಳು. ದಿನವೂ ತನ್ನ ಹೊಸಿಲ ಮುಂದೆ ನೋಡುವ ಮೊಗ್ಗೇ. ಇಟ್ಟಿಗೆ ರಾಶಿಯ ಕಡೆಗೂ ಒಂದು ಸಲ ನೋಡಿದಳು; ಪೊರಕೆಯ ತುದಿ ಕಾಣುತ್ತಿತ್ತು. ಬಚ್ಚಲಿನ ಗೆರೆಯೊಳಗೆ ಹೋಗಿ, ಮುಚ್ಚಿದ ಬಾಗಿಲ ಹಿಂದೆ ನಿಂತು, ಮಂಚದ ಕಡೆ ದಿಟ್ಟಿಸಿದಳು.

"ನಾನೇ ಎಳೆದಿದ್ದು," ಎಂದಳು.

ಬೋರಣ್ಣ ಗಹಗಹಿಸಿದ. "ನೀನಾ? ನೀನು ರಂಗೋಲಿ ಬುಟ್ರೆ ಕೋಳಿ ಕೆರೆದಂಗಿರ್ತದೆ. ಯಾವಾಗ ಕಲ್ತೆ?"

"ನಗಬ್ಯಾಡ, ಬಾ ಇಲ್ಲಿ. ಆ ಮಂಚದ ಮೇಲೆ ಕುಂತ್ಕೋ. ಏನು ಕಾಣ್ತದೆ?"

"ನೀನು ಕಾಣ್ತೀಯ."

"ಒದ್ದೆ ಸೀರೇಲಿ ಈಚೆ ಬಂದ್ರೂ ಕಾಣ್ತೀನಿ. ಪಕ್ಕದಾಗೆ ದೊಡ್ಡಹನುಮಣ್ಣ ಕುಂತಿದ್ರೆ ಅವರಿಗೂ ಕಾಣ್ತೀನಿ. ನಿಮ್ಮಪ್ಪ ಯಾವಾಗ ಎದ್ದೋಗ್ತಾನೋ ಅಂತ ಹಳೇ ಬಚ್ಚಲಾಗೆ ಚಳೀಲಿ ನಿಂತು ನಿಂತು ನನ್ನ ಅರ್ಧ ಆಯುಸ್ಸು ಕಳೀತು. ನಿಂಗೆ ಒಂದಿನ ಹೇಳಿದ್ನಾ? ಹೇಳೋ ಬಾಯಿ ನಂಗೂ ಇರ್ಲಿಲ್ಲ ಆಗ."

ಬೋರಣ್ಣನ ನಗು ನಿಂತಿತು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ನಿನ್ನ ಅಡಕಲು?"

"ಆ ಮೂಲೇಗೆ ಹೋಗ್ಲಿ. ಮಡಿಕೆಗೇನು ನಾಚಿಕೆನಾ?"

ಅಡವಯ್ಯ ಗೆರೆಗಳನ್ನು ನೋಡುತ್ತಾ ತಲೆದೂಗಿದ. "ಒಲೆ ಮೇಲಿನ ಬಿಸಿನೀರು ನೇರ ಬಚ್ಚಲಿಗೇ ಬತ್ತದೆ. ನಡುಮನೆ ಒದ್ದೆಯಾಗಲ್ಲ. ಸರಿ, ಬಾಗ್ಲು ಯಾವ ಕಡೀಕೆ ತೆಗೀಬೇಕು? ಚೌಕಟ್ಟು ನಿಲ್ಲಿಸೋಕೆ ಮುಂಚೆ ಹೇಳಿ. ಒಳಕ್ಕೋ, ಹೊರಕ್ಕೋ?"

"ನಂಗೇನು ಗೊತ್ತು? ಗೆರೆ ಎಳೆದೋಳ್ನೇ ಕೇಳಪ್ಪ," ಎಂದುಬಿಟ್ಟು ಹೊನ್ನಕ್ಕ ತಟಕ್ಕನೆ ನಾಲಿಗೆ ಕಚ್ಚಿಕೊಂಡಳು.

ಎಲ್ಲರೂ ಇಟ್ಟಿಗೆ ರಾಶಿಯ ಕಡೆ ತಿರುಗಿದರು. ಕ್ಯಾತಮ್ಮ ಸೆರಗು ಎಳೆದುಕೊಂಡು ಈಚೆ ಬಂದಳು. ಕಣ್ಣು ನೆಲದ ಮೇಲಿತ್ತು. ಇನ್ನು ತಲೆಯಾಡಿಸಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಳಕ್ಕೋ ಹೊರಕ್ಕೋ ಎಂದು ಕೇಳಿದರೆ ಯಾವ ಕಡೆ ತಲೆಯಾಡಿಸುವುದು?

"ಒಳಕ್ಕೆ," ಎಂದಳು. "ಎರಡು ಕೈಯಾಗೂ ಬಿಸಿನೀರಿನ ಪಾತ್ರೆ ಇರ್ತದೆ. ಕಾಲಾಗೆ ತಳ್ಳಿದ್ರೆ ತೆಗಿಯಂಗಿರ್ಬೇಕು. ಹೊಸಿಲು ಎತ್ತರ ಬ್ಯಾಡ, ಅತ್ತೆಗೆ ಎಡಗಾಲು ಎತ್ತಕ್ಕಾಗಲ್ಲ."

ಹೊನ್ನಕ್ಕ ತನ್ನ ಎಡ ಮೊಣಕಾಲನ್ನು ಸೆರಗಿನಿಂದ ಮುಚ್ಚಿಕೊಂಡಳು. ಆ ನೋವಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

"ಕೇಳಿಸ್ತೇನ್ಲಾ ಅಡವಯ್ಯ?" ಎಂದ ಬೋರಣ್ಣ. "ಅವಳು ಹೇಳ್ದಂಗೆ ಇಡು."

ಕುರಿ ಬಿಡುವ ಹೊತ್ತಾಗಿತ್ತು. ಅವನು ಕೋಲು ತೆಗೆದುಕೊಂಡು ಹೊರಟ. ನಡುಮನೆಯ ಗೆರೆ ದಾಟಲು ಕಾಲೆತ್ತಿದವನು ಹಾಗೇ ನಿಂತ. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಸುತ್ತಿಕೊಂಡು ಹೋಗಿ, ತಲೆಬಾಗಿಲ ಜಾಗದಿಂದ, ರಂಗೋಲಿ ತುಳಿಯದಂತೆ ಹೊರಗೆ ಇಳಿದ.