ಕಲ್ಲೆಂದು ಊರಿದ ಕೈ

ಕಡಲಿಗಿಳಿದವರಿಗೆ ಒಂದು ಚಟ. ಚೆಂದ ಕಂಡದ್ದನ್ನೆಲ್ಲ ಮುಟ್ಟಬೇಕು. ಕ್ಷೌರದಂಗಡಿಯ ಭಾವನಿಗೂ ಆ ಚಟವಿತ್ತು. ಅವನ ನಾದಿನಿ ಸ್ಕೂಬಾ ಡೈವಿಂಗ್ ಕಲಿಸುವವಳು. ಅವಳು ‘ಭಾವ’ ಅನ್ನುತ್ತಿದ್ದುದರಿಂದ ದೋಣಿಯವರಿಗೆಲ್ಲ ಅವನು ಭಾವನೇ. ಅಂಗಡಿಗೆ ರಜೆಯಿದ್ದ ದಿನ ಹೆಂಡತಿಯನ್ನೂ ಕರೆದುಕೊಂಡು ದೋಣಿ ಹತ್ತುತ್ತಿದ್ದ.

ಅವತ್ತೂ ನೀರಿಗಿಳಿಯುವ ಮುಂಚೆ ನಾದಿನಿ ಹೇಳಿದಳು: "ಭಾವ, ಕೈ ಎದೆಗೆ ಕಟ್ಕೊಂಡು ಈಜಿ. ತಳದಿಂದ ಸ್ವಲ್ಪ ಮೇಲೇ ಇರಿ. ಕಲ್ಲು, ಹವಳ ಏನನ್ನೂ ಮುಟ್ಟಬೇಡಿ."

"ಕೈಗವಸು ಹಾಕಿದ್ದೀನಲ್ಲ!"

"ಕಲ್ಲುಮೀನಿನ ಮುಳ್ಳು ಕೈಗವಸನ್ನೂ ತೂರುತ್ತೆ. ಅದು ಕಲ್ಲಿನ ಥರಾನೇ ಬಿದ್ಕೊಂಡಿರುತ್ತೆ. ಬೆನ್ನ ಮೇಲೆ ವಿಷದ ಮುಳ್ಳು."

"ಇಷ್ಟು ವರ್ಷ ಕತ್ತಿ ಹಿಡಿದು ಒಬ್ಬರ ಕೆನ್ನೇನೂ ಕುಯ್ದಿಲ್ಲ ಕಣಮ್ಮ. ನನ್ನ ಕೈ ನನ್ನ ಮಾತು ಕೇಳುತ್ತೆ."

"ಕೈ ಕೇಳುತ್ತೆ ಭಾವ, ಮೀನು ಕೇಳಬೇಕಲ್ಲ!"

ಮೂವರೂ ನಕ್ಕರು. ಭಾವ, ನಾದಿನಿ ನೀರಿಗಿಳಿದರು.

ಕೆಳಗೆ ಒಂದು ಬಿರುಕಿನಲ್ಲಿ ಹಾವುಮೀನು ಇಣುಕುತ್ತಿತ್ತು. ಭಾವ ಫೋಟೊ ತೆಗೆಯಲು ಬಗ್ಗಿದ. ನಾದಿನಿ ಬೇಡವೆಂದು ಕೈಬೀಸಿದಳು. ಅವನು ‘ಒಂದೇ ನಿಮಿಷ’ ಎಂದು ಬೆರಳೆತ್ತಿದ. ಅಷ್ಟರಲ್ಲಿ ನೀರಿನ ಸೆಳೆತಕ್ಕೆ ವಾಲಿ, ಪಾಚಿಗಟ್ಟಿದ ಕಲ್ಲಿನ ಮೇಲೆ ಬಲಗೈ ಊರಿದ. ಕಲ್ಲು ಮಿಸುಕಿತು.

ದೋಣಿಗೆ ಬರುವಷ್ಟರಲ್ಲಿ ನೋವು ಭುಜಕ್ಕೇರಿತ್ತು. ನಾದಿನಿ ಫ್ಲಾಸ್ಕಿನ ಬಿಸಿನೀರನ್ನು ತೊಟ್ಟಿಗೆ ಸುರಿದು, ಸುಡದ ಹಾಗೆ ಹದ ನೋಡಿದಳು.

"ಉರಿಯೋ ಕೈಗೆ ಬಿಸಿನೀರಾ? ತಲೆ ಕೆಟ್ಟಿದೆಯೇನೇ ನಿಂಗೆ?" ಎಂದಳು ಹೆಂಡತಿ.

ಗಂಡನ ಸಂಕಟ ನೋಡಲಾರದೆ ಮಂಜುಗಡ್ಡೆ ಒತ್ತಿ, ಮಣಿಕಟ್ಟಿಗೆ ಬಟ್ಟೆ ಬಿಗಿದಳು.

"ಮಂಜುಗಡ್ಡೆ ಬೇಡ, ಬಿಸಿನೀರಿಗೇ ಈ ನೋವು ತಗ್ಗೋದು. ಬಿಗಿಯಾಗಿ ಕಟ್ಟಬಾರದಕ್ಕಾ! ನೇರ ಆಸ್ಪತ್ರೆಗೆ ಹೋಗೋಣ."

"ಮುಳ್ಳು ಚುಚ್ಚಿದ್ದಕ್ಕೆಲ್ಲ ಆಸ್ಪತ್ರೆನಾ? ಮನೆಗೆ ನಡೀರಿ," ಎಂದ ಭಾವ.

ಬೆಳಗ್ಗೆ ಅಂಗೈ ಬಾತು ಕಪ್ಪಗಾಗಿತ್ತು. "ನಿನ್ನೆಯೇ ಬರಬೇಕಿತ್ತು," ಎಂದರು ಡಾಕ್ಟರು. ಜೀವ ಉಳಿಯಿತು. ಹೆಬ್ಬೆರಳು ಮಾತ್ರ ಮತ್ತೆ ಮಡಚಲಾಗಲಿಲ್ಲ. ಕತ್ತರಿ ಹಿಡಿದರೆ ಜಾರುತ್ತದೆ. ಅಂಗಡಿಯನ್ನು ಬೇರೆಯವರಿಗೆ ಕೊಟ್ಟ.

"ಮಂಜುಗಡ್ಡೆ ಒತ್ತಿದವಳು ನಾನೇ ಅಲ್ವಾ," ಎಂದು ಹೆಂಡತಿ ಈಗಲೂ ಕೊರಗುತ್ತಾಳೆ.

ನಾದಿನಿಯದು ಬೇರೆಯೇ ಸಂಕಟ. "ಬೇರೆಯವರು ಹಾಗೆ ಮಾತಾಡಿದ್ದಿದ್ರೆ ನೀರಿಗೇ ಇಳಿಸ್ತಿರಲಿಲ್ಲ. ಭಾವ ಅಂತ ಸಲಿಗೆ ಕೊಟ್ಟೆ."

"ನೀನು ಕೈ ಬೀಸಿದ್ದು ನಂಗೆ ಕಂಡಿತ್ತು," ಎಂದ ಭಾವ. "ಕಂಡೂ ಕಾಣದ ಹಾಗೆ ಇದ್ದೆ."

ಈಗ ಹೆಂಡತಿ ಡೈವಿಂಗ್ ಕಲಿಯುತ್ತಿದ್ದಾಳೆ. ಕೈ ಎದೆಗೆ ಕಟ್ಟಿಕೊಂಡೇ ಈಜುತ್ತಾಳೆ. ಭಾವ ದೋಣಿಯಲ್ಲಿ ಕೂತು, ಇಳಿಯುವವರಿಗೆಲ್ಲ ತನ್ನ ಕೈ ತೋರಿಸುತ್ತಾನೆ.

ಕಡಲಿಗಿಳಿಯುವ ಅಣ್ಣಂದಿರೇ, ಅಕ್ಕಂದಿರೇ, ಮೈತುಂಬ ಡೈವಿಂಗ್ ಉಡುಪು ಹಾಕಿ. ಕಲ್ಲು ಮುಟ್ಟಬೇಡಿ, ಚೆಂದದ ಶಂಖವನ್ನೂ ಹೆಕ್ಕಬೇಡಿ. ಕುಟುಕುವ ಜೀವ ಅದರೊಳಗೂ ಇದ್ದೀತು. ಮೀನಿನ ಮುಳ್ಳು ಚುಚ್ಚಿದರೆ ಆ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿಯ ನೀರಲ್ಲಿ ಅದ್ದಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕಲಿಸುವವರು ಕೈ ಬೀಸಿದರೆ ಅಲ್ಲಿಗೇ ನಿಲ್ಲಿ. ನೋಡಲು ಹೋದವರು ನೋಡಿಯಷ್ಟೇ ಬನ್ನಿ.