ಕೊನೆಯ ನಲ್ಲಿ

"ತಮ್ಮ ಮನೆಗೆ ನಲ್ಲಿ ಹಾಕಿಸಿಕೊಂಡಿದ್ದು ಎಲ್ಲರಿಗಿಂತ ಕೊನೆಗೆ..." ಎಂದು ಚಿತ್ರಾ ಮೊಬೈಲ್ ನೋಡಿಕೊಂಡು ಓದುತ್ತಿದ್ದಾಗ ಅಜ್ಜಿಯ ಕೈ ನಿಂತಿತು. ನೆನೆಸಿದ ಅವರೆಕಾಳನ್ನು ಹಿಸುಕುತ್ತಿದ್ದ ಸೊಣ್ಣಮ್ಮ ಒಂದು ಕಾಳನ್ನು ಬೆರಳುಗಳ ನಡುವೆ ಹಿಡಿದುಕೊಂಡೇ ಕುಳಿತಳು.

"ಅದೊಂದ್ ಬ್ಯಾಡ. ಬಿಟ್ಬಿಡು."

"ಯಾವ್ದಜ್ಜಿ?"

"ಆ ನಲ್ಲಿದು."

ಚಿತ್ರಾಳಿಗೆ ನಗು ಬಂತು. ಅದನ್ನು ಬಿಟ್ಟರೆ ಭಾಷಣದಲ್ಲಿ ಉಳಿಯುವುದೇನು? ತಾತ ಬ್ಯಾಟರಾಯಪ್ಪ ತೀರಿಕೊಂಡು ತಿಂಗಳಾಗಿತ್ತು. ಇವತ್ತು ಹನ್ನೊಂದು ಗಂಟೆಗೆ ಜಕ್ಕೂರಿನ ಶಾಲೆಯ ಮೈದಾನದಲ್ಲಿ ಯುವಕರ ಸಂಘದವರು ನುಡಿನಮನ ಇಟ್ಟುಕೊಂಡಿದ್ದರು. ಮನೆಯವರ ಪರವಾಗಿ ಮೊಮ್ಮಗಳೇ ಮಾತಾಡಬೇಕೆಂದು ಅಪ್ಪ ಶಿವರಾಮ್ ಒಪ್ಪಿಕೊಂಡು ಬಂದಿದ್ದ.

ನಲವತ್ತು ವರ್ಷದ ಹಿಂದೆ, ತಾತ ಪಂಚಾಯ್ತಿ ಛೇರ್ಮನ್ ಆಗಿದ್ದಾಗ ಊರಿಗೆ ನಲ್ಲಿ ಬಂತು. ಪಟ್ಟಿಯಲ್ಲಿ ಮೂರನೆಯದಾಗಿದ್ದ ತಮ್ಮ ಹೆಸರನ್ನು ಅವರೇ ಹೊಡೆದುಹಾಕಿ ಕೊನೆಗೆ ಬರೆದುಕೊಂಡರು. "ಮೊದ್ಲು ಊರು, ಆಮೇಲೆ ನಾವು" ಅಂದರಂತೆ. ಚಿತ್ರಾ ಇದನ್ನು ಶಾಲೆಯ ಪ್ರಬಂಧದಲ್ಲಿ ಬರೆದಿದ್ದಳು. ಈಗಲೂ ಅವಳು ಕೆಲಸ ಮಾಡುವ ಯಲಹಂಕದ ಲ್ಯಾಬಿಗೆ ರಕ್ತ ಕೊಡಲು ಬಂದ ಹಳಬರು, "ಛೇರ್ಮನ್ ಮೊಮ್ಮಗಳಾ ನೀನು?" ಎಂದು ಕೇಳಿ, ಸೂಜಿ ಚುಚ್ಚಿಸಿಕೊಳ್ಳುತ್ತಲೇ ಇದೇ ಕತೆಯನ್ನು ಅವಳಿಗೆ ಹೇಳುತ್ತಿದ್ದರು.

"ಯಾಕಜ್ಜಿ? ಸುಳ್ಳಾ ಅದು?"

"ಸುಳ್ಳಲ್ಲ. ನಿಜವೇಯ." ಸೊಣ್ಣಮ್ಮ ಕಾಳನ್ನು ಹಿಸುಕಿದಳು. ಬೇಳೆ ಪಾತ್ರೆಗೆ ಬಿತ್ತು. "ಅರವತ್ ಮನೆಗೆ ಅಂತ ಪೈಪ್ ತರ್ಸಿದ್ರು. ನಲವತ್ನೇ ಮನೆಗೇ ಮುಗ್ದೋಯ್ತು. ಮಿಕ್ಕಿದ್ದು ಬರಕ್ಕೆ ಒಂದೂವರೆ ವರ್ಸ. ಅಲ್ಲೀಗಂಟ ನಾನು ಸೇದೋ ಬಾವಿಗೇ ಓದೆ."

"ಪಕ್ಕದ್ಮನೇಲಿ ಹಿಡ್ಕೋಬಹುದಿತ್ತಲ್ಲ?"

"ಪಕ್ಕದ್ಮನೆ ಅಕ್ಬರಿ ದಿನಾ ಕರೆಯೋಳು. ನಿಮ್ ತಾತ ಬಿಡ್ಲಿಲ್ಲ. ಛೇರ್ಮನ್ನು ಇತ್ಲ್ ಬಾಗ್ಲಿಂದ ನೀರ್ ತಗೊತಾನೆ ಅಂತ ಜನ ಆಡ್ಕೊತಾರೆ ಅಂದ್ರು."

ಹೊರಗೆ ಯಾವುದೋ ಅಪಾರ್ಟ್‌ಮೆಂಟಿಗೆ ಹೋಗುವ ಟ್ಯಾಂಕರು ಗಲ್ಲಿಯ ಮೂಲೆಯಲ್ಲಿ ತಿರುಗಲಾಗದೆ ಹಾರನ್ ಹೊಡೆಯುತ್ತಿತ್ತು. ಅದು ಹೋಗುವವರೆಗೆ ಅಜ್ಜಿ ಕಾಳು ಹಿಸುಕುತ್ತಿದ್ದಳು.

"ನಿಮ್ಮಪ್ಪ ಆದ್ಮೇಲೆ ಇನ್ನೊಂದು ನಿಂತಿತ್ತು. ಏಳ್ ತಿಂಗ್ಳು. ಬಾವಿ ಕಟ್ಟೆ ಪಾಚಿ ಕಟ್ಟಿತ್ತು. ತಲೆ ಮೇಲೊಂದ್ ಬಿಂದ್ಗೆ, ಸೊಂಟದ್ ಮೇಲೊಂದ್ ಬಿಂದ್ಗೆ. ಜಾರ್ದೆ."

ಚಿತ್ರಾ ಮೊಬೈಲನ್ನು ಕೆಳಗಿಟ್ಟಳು.

"ಅವತ್ತು ಅವ್ರು ಪೈಪಿಗೋಸ್ಕರಾನೇ ಆಪೀಸಿಗೆ ಓಗಿದ್ರು. ಬರೋ ಒತ್ಗೆ ಎಲ್ಲಾ ಆಗೋಗಿತ್ತು. ಎಣ್ ಮಗ. ಒಂದಿನ ಉಸ್ರಾಡ್ತು."

"ಅಪ್ಪಂಗೆ ಗೊತ್ತಾ?"

"ಆರ್ ವರ್ಸ ಅವ್ನಿಗೆ. ಅಮ್ಮಂಗೆ ಒಟ್ಟೆ ನೋವು ಅಂದಿದ್ರು. ಊರೋರ್ಗೆ ನಲ್ಲಿ ವಿಷ್ಯ ಬ್ಯಾರೆ, ನಾನ್ ಜಾರಿದ್ದು ಬ್ಯಾರೆ. ನಲ್ಲಿ ಕತೆ ಉಳ್ಕೊಂತು. ಮಗ ಓಯ್ತು."

"ತಾತ ಏನಂದ್ರು?"

"ಏನೂ ಅನ್ನಿಲ್ಲ."

ನಲ್ಲಿ ಬಂದ ಮೇಲೆ ಅಜ್ಜಿ ಬಿಂದಿಗೆ ಎತ್ತಿದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಎದ್ದು ಹಂಡೆ, ಕೊಳಗ ಎಲ್ಲ ತುಂಬುತ್ತಿದ್ದವರು ತಾತ. ಸಂಪು, ಮೋಟಾರು ಬಂದ ಮೇಲೂ ಕುಡಿಯುವ ನೀರಿನ ತಾಮ್ರದ ಬಿಂದಿಗೆ ಅವರದೇ ಆಗಿತ್ತು. ಎಂಬತ್ತು ದಾಟಿ ಕೈ ನಡುಗಿ, ಅರ್ಧ ನೀರು ನೆಲಕ್ಕೆ ಚೆಲ್ಲಿದರೂ ಬಿಡಲಿಲ್ಲ. ಚಿತ್ರಾ ಕೈ ಹಾಕಲು ಹೋದರೆ "ನೀನ್ ಸರಿಯಮ್ಮ" ಎನ್ನುತ್ತಿದ್ದರು. ಅವಳು ಅದನ್ನು ಪ್ರೀತಿ ಅಂದುಕೊಂಡಿದ್ದಳು. ಗೆಳತಿಯರಿಗೆ ಹೇಳಿಕೊಂಡಿದ್ದಳು ಕೂಡ. ಅಜ್ಜಿ ಹೊಸ್ತಿಲ ಬಳಿ ಕುಳಿತು ನೋಡುತ್ತಿದ್ದಳು. ಸಾಕು ಬಿಡಿ ಎಂದು ಒಂದು ದಿನವೂ ಅಂದವಳಲ್ಲ.

"ಯಾರ್ಗೂ ಏಳ್ಬ್ಯಾಡ," ಅಂದಳು ಸೊಣ್ಣಮ್ಮ. "ಸತ್ತೋರು ತಿರ್ಗಿ ಮಾತಾಡಕ್ಕಾಗಲ್ಲ. ಆದ್ರೆ ಅದನ್ನ ನೀನ್ ಓದ್ಬ್ಯಾಡ. ಬ್ಯಾರೆಯೋರು ಓದಿದ್ರೆ ಕೇಳ್ಕೊಂಡು ಕೂತಿರ್ತೀನಿ. ಅಭ್ಯಾಸ ಆಗೈತೆ."

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ತಾತನ ಫೋಟೊಕ್ಕೆ ಸುಗಂಧರಾಜದ ಹಾರ. ಹಿಂದಿನ ಫ್ಲೆಕ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ ಅದೇ ಮಾತು: ಮೊದಲು ಊರು, ಆಮೇಲೆ ನಾವು. ಮುಂದಿನ ಸಾಲಿನಲ್ಲಿ ಸೊಣ್ಣಮ್ಮನನ್ನು ಕೂರಿಸಿ ಯಾರೋ ಶಾಲು ಹೊದಿಸಿದರು. ಸಂಘದ ಮುನೇಶ್ ಮೈಕು ಹಿಡಿದು, ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದ ಪ್ರಸಂಗವನ್ನು ತಾನೇ ಕಂಡವನಂತೆ ವರ್ಣಿಸಿದ. ಆಗ ಅವನು ಹುಟ್ಟಿರಲೂ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಶಾಲಿನ ಅಂಚು ನೋಡುತ್ತಿದ್ದಳು.

"ಇನ್ನು ಅವರ ಮೊಮ್ಮಗಳ ಬಾಯಲ್ಲೇ ಕೇಳೋಣ," ಎಂದು ಮುನೇಶ್ ಕರೆದ.

ವೇದಿಕೆ ಹತ್ತಿದಾಗ ಚಿತ್ರಾಳಿಗೆ ತಾತನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ವಿಧವಾ ವೇತನದ ಅರ್ಜಿ ಬರೆಸಲು ಬರುತ್ತಿದ್ದ ಹೆಂಗಸರನ್ನು ಜಗಲಿಯ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಹೆಸರು ಬರೆಯಲು ಕಲಿಸಿಯೇ ಕಳಿಸುತ್ತಿದ್ದ ತಾತ. ಅವಳು ಅದನ್ನು ಹೇಳಿದಳು. ತನಗೆ ಜ್ವರ ಬಂದಾಗ ಹೆಬ್ಬಾಳದವರೆಗೆ ಹೆಗಲ ಮೇಲೆ ಹೊತ್ತು ನಡೆದದ್ದನ್ನು ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು.

"ನಲ್ಲಿ ವಿಷ್ಯ ಮುನೇಶಣ್ಣ ಹೇಳಿದ್ರು. ನಮ್ಮನೆಗೆ ನಲ್ಲಿ ಬರೋವರ್ಗೂ ಬಾವಿಯಿಂದ ನೀರು ಹೊತ್ತಿದ್ದು ನಮ್ಮಜ್ಜಿ. ಅದನ್ನ ಯಾರೂ ಹೇಳಲ್ಲ. ಅದಕ್ಕೆ ನಾನು ಹೇಳ್ದೆ."

ತಟ್ಟಲು ಎತ್ತಿದ ಕೈಗಳು, ತಟ್ಟಬೇಕೋ ಬೇಡವೋ ತಿಳಿಯದೆ, ಅಲ್ಲಲ್ಲೇ ಇಳಿದವು. ಹಿಂದಿನ ಸಾಲಿನಲ್ಲಿದ್ದ ಪಕ್ಕದ ಮನೆಯ ಅಕ್ಬರಿ "ಯಾ ಅಲ್ಲಾ" ಎಂದು ಉಸಿರೆಳೆದು ಕಣ್ಣೊರೆಸಿಕೊಂಡಳು. ಸೊಣ್ಣಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಕೆಳಗಿಳಿದ ಕೂಡಲೇ ಶಿವರಾಮ್ ಮಗಳ ತೋಳು ಹಿಡಿದು ಪಕ್ಕಕ್ಕೆ ಕರೆದ. "ತಾತನ್ ಬಗ್ಗೆ ಮಾತಾಡು ಅಂದ್ರೆ ಇದೇನಿದು? ಮನೆ ವಿಷ್ಯ ಇಲ್ಲಿ ಯಾಕೆ ಬೇಕಿತ್ತು? ಜನ ಏನ್ ಅಂದ್ಕೋತಾರೆ?"

ಅಪ್ಪನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಳು ಇತ್ತು. ಅವನಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಊಟ ಮಾಡದೆ ಅಜ್ಜಿ, ಮೊಮ್ಮಗಳು ಆಟೊ ಹತ್ತಿದರು. ಅಜ್ಜಿ ಬೈಯುತ್ತಾಳೆಂದು ಚಿತ್ರಾ ಕಾದಳು. ಕೆರೆಯ ಪಕ್ಕಕ್ಕೆ ಬಂದಾಗ ಸೊಣ್ಣಮ್ಮ ಡ್ರೈವರಿಗೆ "ಇಲ್ಲೇ ನಿಲ್ಸಪ್ಪಾ" ಅಂದಳು.

ಏರಿಯ ಮೇಲೆ ವಾಕ್ ಮಾಡುವವರಿಗೆ ದಾರಿ ಮಾಡಿದ್ದರು. ಭಾನುವಾರವಾದ್ದರಿಂದ ಮಧ್ಯಾಹ್ನವೂ ಜನ ಇದ್ದರು. ಅಜ್ಜಿ ಮೊಮ್ಮಗಳ ಕೈ ಹಿಡಿದು ನಿಧಾನ ಹತ್ತಿ, ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು. ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನವೊಂದು ತಲೆಯ ಮೇಲೆ ಹಾದು ಹೋಯಿತು.

"ಬಟ್ಟೇಲಿ ಸುತ್ಕೊಂಡು ಒಬ್ರೇ ಈ ಏರಿ ಕಡೀಕೆ ಬಂದ್ರು," ಅಂದಳು. "ನಾನ್ ಎದ್ದು ಬರೋ ಅಂಗಿರ್ಲಿಲ್ಲ. ಎಲ್ಲಿ ಮಣ್ ಮಾಡಿದ್ರು ಅಂತ ಅವ್ರು ಏಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅಠ. ಅವ್ರೇ ಏಳ್ಲಿ ಅಂತ." ಕೆರೆಯ ಕಡೆ ತಿರುಗಿ, "ಕೇಳ್ಬೇಕಿತ್ತು. ಓದ್ ತಿಂಗ್ಳೂ ಕೇಳ್ಬೋದಿತ್ತು," ಅಂದಳು.

ಚಿತ್ರಾ ಅಜ್ಜಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಸೊಣ್ಣಮ್ಮ ಬಗ್ಗಿ ಕಾಲಿನ ಚಪ್ಪಲಿಗಳನ್ನು ಒಂದೊಂದಾಗಿ ಬಿಟ್ಟು, ಎತ್ತಿ ಕೈಯಲ್ಲಿ ಹಿಡಿದುಕೊಂಡಳು. ಬಿಸಿಲಿಗೆ ದಾರಿ ಕಾದಿತ್ತು. ಬರಿಗಾಲಲ್ಲಿ, ಪ್ರತಿ ಹೆಜ್ಜೆಗೂ ನೆಲ ನೋಡುತ್ತ ಅವಳು ಏರಿಯ ಮೇಲೆ ನಡೆಯತೊಡಗಿದಳು. ಎದುರಿಗೆ ಓಡುತ್ತ ಬಂದವರು ಪಕ್ಕಕ್ಕೆ ಸರಿದು ಮುಂದೆ ಹೋದರು.