ಹಿಂದಿನಂತೆ ಎಂದು ಬರೆದ ಹತ್ತು ಫಾರಂಗಳು

ನಮ್ಮ ಸಮಿತಿಯಲ್ಲಿ ಏಳು ಜನ. ಎಂಟನೆಯವಳು ನಾನು, ಲೆಕ್ಕಕ್ಕಿಲ್ಲದವಳು. ಮೊಬೈಲ್ ಟವರುಗಳಿಂದ ಹೊರಡುವ ವಿಕಿರಣ ಮನೆ, ಶಾಲೆ, ಆಸ್ಪತ್ರೆಗಳ ಹತ್ತಿರ ಎಷ್ಟರ ಮಟ್ಟಿಗೆ ಇರಬಹುದು ಎಂದು ಒಂದು ಸಂಖ್ಯೆಯನ್ನು ಗೊತ್ತುಮಾಡುವುದು ಅವರ ಕೆಲಸ. ಅವರು ಆಡಿದ್ದನ್ನು ಬರೆದುಕೊಳ್ಳುವುದು, ಟೀಗೆ ಹೇಳುವುದು, ಫಾರಂ ಹಂಚಿ ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ.

ಫಾರಂ ಎಂದರೆ ಒಂದೇ ಹಾಳೆ. ಈ ವ್ಯವಹಾರದಲ್ಲಿ ಲಾಭನಷ್ಟ ಇರುವ ಯಾವುದಾದರೂ ಕಂಪನಿಯಿಂದ ನಿಮಗಾಗಲಿ ನಿಮ್ಮ ಸಂಸ್ಥೆಗಾಗಲಿ ನೆರವು ಬರುತ್ತಿದೆಯೇ ಎಂದು ಅದು ಕೇಳುತ್ತದೆ. ಕೆಳಗೆ ನಾಲ್ಕು ಖಾಲಿ ಗೆರೆ. ಬರುತ್ತಿದೆ ಎಂದವರು ಮತ ಹಾಕುವ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಹಾಗೆ ಹೋಗುತ್ತಿದ್ದವರು ಒಬ್ಬರೇ, ಟವರ್ ಕಂಪನಿಗಳ ಪರವಾಗಿ ಬರುವ ದಪ್ಪ ಮೀಸೆಯವರು. ನಮಗೆಲ್ಲ ಅವರು ಟವರಣ್ಣ. ಮತದ ಮಾತು ಬಂದ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿ, "ನಾನು ಮುಟ್ಟಿಸಿಕೊಳ್ಳಬಾರದವನು, ಹೊರಗೆ ಕೂತಿರ್ತೀನಿ. ಬಿಸ್ಕತ್ತು ಮಾತ್ರ ಕಳಿಸಿ," ಎಂದು ನಗುತ್ತ ಕಾರಿಡಾರಿನ ಬೆಂಚಿಗೆ ಹೋಗುತ್ತಿದ್ದರು.

ಉಳಿದ ಆರು ಜನ ಪ್ರತಿ ವರ್ಷ 'ಹಿಂದಿನಂತೆ' ಎಂದು ಬರೆದು ಸಹಿ ಹಾಕುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಬರೆಯುತ್ತಲೂ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರೆಲ್ಲ ಪೆನ್ನು ಹುಡುಕುತ್ತ, ಗೊಣಗುತ್ತ ಅರ್ಧ ಗಂಟೆ ಕಳೆದದ್ದನ್ನು ನೋಡಿ, ಮರುವರ್ಷದಿಂದ ಆ ಪದವನ್ನು ನಾನೇ ಟೈಪ್ ಮಾಡಿ ತರತೊಡಗಿದೆ. ಸಹಿ ಹಾಕಿದರೆ ಮುಗಿಯಿತು. "ಚುರುಕು ಹುಡುಗಿ," ಎಂದು ಸಮಿತಿಯಲ್ಲಿದ್ದ ಡಾಕ್ಟರು ಹೊಗಳಿದ್ದರು. ನನಗೆ ಆಗ ಮೂವತ್ತಾಗಿತ್ತು, ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು. ಯಾರಾದರೂ ಹುಡುಗಿ ಎಂದರೆ ಸಾಕು, ಇಡೀ ದಿನ ಹಗುರವಾಗಿರುತ್ತಿತ್ತು.

ಈ ವರ್ಷ ಒಬ್ಬರು ಬಿಟ್ಟುಹೋದ ಜಾಗಕ್ಕೆ ಸಂಖ್ಯಾಶಾಸ್ತ್ರದವರೊಬ್ಬರು ಹೊಸದಾಗಿ ಸಮಿತಿಗೆ ಬಂದರು. ಗಿಡ್ಡಗಿನ ಹೆಂಗಸು. ಬಂದ ದಿನವೇ ಅವರಿಗೆ ಲೆಕ್ಕದ ಮೇಡಂ ಎಂದು ಹೆಸರಾಯಿತು. ಅಧ್ಯಕ್ಷರ ಪ್ರಯೋಗಾಲಯದ ಅಳತೆಗಳನ್ನು ನಂಬಿ ಮನೆಗಳ ಹತ್ತಿರದ ಮಿತಿಯನ್ನು ಸಡಿಲಿಸುವ ಪ್ರಸ್ತಾವ ಮೇಜಿನ ಮೇಲಿತ್ತು, ಮುಂದಿನ ವಾರ ಮತ. ಫಾರಂ ಹಂಚಿದೆ. ಅವರು ತಮ್ಮದನ್ನು ಬಿಟ್ಟು ಪಕ್ಕದವರ ಫಾರಂ ನೋಡಿದರು.

"ಡಾಕ್ಟ್ರೇ, ಹಿಂದಿನಂತೆ ಅಂತಿದೆಯಲ್ಲ, ಹಿಂದೆ ಏನಿತ್ತು?"

"ಹೋದ ವರ್ಷ ಇದ್ದ ಹಾಗೇ."

"ಹೋದ ವರ್ಷ ಏನು ಬರೆದಿದ್ರಿ?"

ಡಾಕ್ಟರು ನನ್ನ ಮುಖ ನೋಡಿದರು. "ಹಿಂದಿನಂತೆ ಅಂತ," ಎಂದೆ.

ಎಲ್ಲರೂ ಹೋ ಎಂದು ನಕ್ಕರು. "ಬಿಡಿ ಮೇಡಂ, ವಂಶವೃಕ್ಷ ಬಿಡಿಸೋಕೆ ಹೊರಟರೆ ಸಂಜೆ ಆಗುತ್ತೆ," ಎಂದರು ಟವರಣ್ಣ. ಮೇಡಂ ನಗಲಿಲ್ಲ. "ಮತಕ್ಕೆ ಮುಂಚೆ ಎಲ್ಲರ ಮೊದಲನೇ ಫಾರಂ ನನಗೆ ಈ ಮೇಜಿನ ಮೇಲೆ ಬೇಕು," ಎಂದರು.

ನಾನು ಅಧ್ಯಕ್ಷರ ಕಡೆ ನೋಡಿದೆ. ಅಧ್ಯಕ್ಷರೆಂದರೆ ನನ್ನ ಮೇಷ್ಟ್ರು. ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿ, ಹೊಟ್ಟೆಯಲ್ಲಿ ಮಗಳಿದ್ದಾಗ ಅರ್ಧಕ್ಕೆ ಬಿಟ್ಟವಳು ನಾನು. ಮಗಳ ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ಈ ಕೆಲಸಕ್ಕೆ ಶಿಫಾರಸು ಬರೆದುಕೊಟ್ಟವರು ಅವರೇ. ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಿಂದ ಬರುವವರೆಗೆ ನನ್ನ ಮಗಳು ಇರುವುದು ಅವರ ಮನೆಯಲ್ಲಿ. ಅವಳಿಗೆ ಅವರು ತಾತ, ಅವರ ಹೆಂಡತಿ ಅಜ್ಜಿ. ನನಗೆ ಆಕೆ ಅಮ್ಮ. ಆ ಮನೆಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ದಿನಕ್ಕೆ ಅರ್ಧ ಗಂಟೆ ಮಾತಾಡುತ್ತೇನಲ್ಲ, ಈ ಊರಿನಲ್ಲಿ ಕೆಲಸದ ಮಾತು ಬಿಟ್ಟು ನಾನು ಆಡುವ ಮಾತು ಅಷ್ಟೇ.

"ತಂದಿಡಮ್ಮ, ಅದಕ್ಕೇನಂತೆ," ಎಂದರು ಮೇಷ್ಟ್ರು.

ಹಳೆಯ ಕಾಗದಗಳೆಲ್ಲ ನೆಲಮಾಳಿಗೆಯಲ್ಲಿದ್ದವು. ಅಲ್ಲಿನ ಗುಮಾಸ್ತರನ್ನು ಕಡತದಣ್ಣ ಎನ್ನುತ್ತೇವೆ. ನಿವೃತ್ತಿಗೆ ಎರಡು ವರ್ಷವಿದೆ, ಆದರೆ ಹತ್ತು ವರ್ಷದಿಂದ ನಿವೃತ್ತರ ಹಾಗೆಯೇ ಇದ್ದಾರೆ. ಇಬ್ಬರೂ ಧೂಳು ಕೊಡವುತ್ತ ವರ್ಷದಿಂದ ವರ್ಷಕ್ಕೆ ಹಿಂದೆ ಸರಿದೆವು. ಹಿಂದಿನಂತೆ, ಹಿಂದಿನಂತೆ, ಹಿಂದಿನಂತೆ. ನನ್ನ ಟೈಪಿನ ಅಕ್ಷರ ಮುಗಿದು ಕೈಬರಹ ಶುರುವಾಯಿತು. ಅಲ್ಲೂ ಅದೇ. ಮೇಷ್ಟ್ರ ಹತ್ತು ಫಾರಂ ದಾಟಿ ಹನ್ನೊಂದನೆಯದಕ್ಕೆ ಬಂದಾಗ ನಾಲ್ಕು ಗೆರೆಯೂ ತುಂಬಿದ್ದವು.

ಪ್ರಯೋಗಾಲಯದ ಅಳತೆಯ ಯಂತ್ರಗಳೆಲ್ಲ ಮೊಬೈಲ್ ಕಂಪನಿಗಳ ಒಕ್ಕೂಟದ ಕೊಡುಗೆ. ಮೂವರು ವಿದ್ಯಾರ್ಥಿಗಳ ಮಾಸಿಕ ವೇತನವೂ ಅವರದೇ. ಮೂವರ ಹೆಸರೂ ಇತ್ತು. ಮೂರನೆಯದು ನನ್ನದು.

ಆ ವೇತನ ವಿಶ್ವವಿದ್ಯಾಲಯದ್ದು ಎಂದೇ ನಾನು ತಿಳಿದಿದ್ದೆ. ಫಾರಂನ ತುದಿಯಲ್ಲಿ ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಪೆನ್ಸಿಲಿನಲ್ಲಿ, 'ಈ ವರ್ಷ ಮತವಿಲ್ಲ, ಮುಂದೆ ನೋಡುವುದು,' ಎಂದು ಬರೆದಿಟ್ಟಿದ್ದರು. ಮುಂದೆ ಯಾರೂ ನೋಡಲಿಲ್ಲ. ಎರಡು ಸಲ ಮತ ನಡೆದಿತ್ತು. ಎರಡು ಸಲವೂ ಮೇಷ್ಟ್ರು ಅಧ್ಯಕ್ಷರ ಕುರ್ಚಿಯಲ್ಲೇ ಕೂತು ಕೈ ಎತ್ತಿದ್ದರು. ಎರಡು ಸಲವೂ ಅದನ್ನು ದಾಖಲಿಸಿದವಳು ನಾನೇ.

ಕಡತದಣ್ಣ ನನ್ನ ಮುಖ ನೋಡಿ ಹಾಳೆ ನೋಡಿದರು. "ಏನಮ್ಮಾ, ಹಾವು ಕಂಡ ಹಾಗೆ ನಿಂತೆ?"

ಹೇಳಿದೆ.

"ಅಷ್ಟೇನಾ? ಮೊದಲನೇ ಫಾರಂ ಇಲಿ ತಿಂದಿದೆ ಅಂತ ಬರೆದುಕೊಡ್ತೀನಿ. ಇಲಿಯೇನು ಬಂದು ಸಾಕ್ಷಿ ಹೇಳುತ್ತಾ?"

"ಬೇಡಣ್ಣ."

"ಯೋಚನೆ ಮಾಡು. ಈ ನೆಲಮಾಳಿಗೆಯಲ್ಲಿ ಇಲಿಗಳು ದೊಡ್ಡ ದೊಡ್ಡವರ ಮಾನ ಉಳಿಸಿವೆ."

ನಗು ಬಂತು. ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಹೋಯಿತು.

ಸಂಜೆ ಪ್ರಯೋಗಾಲಯಕ್ಕೆ ಹೋದೆ. ಮೇಷ್ಟ್ರು ಒಳಗಿನ ಕೋಣೆಯಲ್ಲಿದ್ದರು. ಅದರ ಗೋಡೆ, ಚಾವಣಿಯ ತುಂಬ ಕಪ್ಪು ಸ್ಪಂಜಿನ ಮೊನೆಗಳು. ಬಾಗಿಲು ಹಾಕಿಕೊಂಡರೆ ಹೊರಗಿನ ಯಾವ ತರಂಗವೂ ಒಳಗೆ ಬರುವುದಿಲ್ಲ, ಮೊಬೈಲ್ ಸತ್ತುಹೋಗುತ್ತದೆ. ಮಾತು ಬಾಯಿಂದ ಹೊರಟು ಎರಡಡಿ ದೂರದಲ್ಲೇ ಬಿದ್ದುಹೋದ ಹಾಗೆ ಕೇಳುತ್ತದೆ. ಓದುವ ದಿನಗಳಲ್ಲಿ ಆ ಕೋಣೆ ನನಗೆ ಇಷ್ಟವಿತ್ತು.

"ಬಾ ಬಾ. ಮಗು ಮನೆಗೆ ಬಂದಿದೆಯಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಭಾಗಾಕಾರ ಬರಲ್ಲ ಅಂತ ಅಳ್ತಾ ಕೂತಿದೆಯಂತೆ, ನಿನ್ನ ಹಾಗೇ."

ಫಾರಂನ ಜೆರಾಕ್ಸ್ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ.

"ನನ್ನ ಕೈಬರಹ ಆಗ ಚೆನ್ನಾಗಿತ್ತು," ಎಂದರು.

"ಸರ್, ಇದು ಈಗಲೂ ನಡೀತಿದೆಯಾ?"

"ಯಂತ್ರ ಹಳೇದಾದ್ರೆ ಹೊಸದು ಕೊಡ್ತಾರೆ. ಹುಡುಗರು ಹೋಗ್ತಾರೆ, ಬೇರೆಯವರು ಬರ್ತಾರೆ. ಈ ಸ್ಪಂಜು ಕೂಡ ಅವರದ್ದೇ. ಇಂಥ ಕೋಣೆ ಕಟ್ಟೋಕೆ ಬೇರೆ ಯಾರು ಮುಂದೆ ಬಂದ್ರು, ಹೇಳು?" ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಕೇಳಿದರು, "ನಾನು ಬಚ್ಚಿಟ್ಟೆನಾ?"

"ಇಲ್ಲ ಸರ್."

"ಬರೆದಿದ್ದೀನೋ ಇಲ್ಲವೋ?"

"ಬರೆದಿದ್ದೀರಿ."

"ಓದದೆ ಹೋದದ್ದು ಯಾರ ತಪ್ಪು?"

"ನನ್ನದು ಸರ್. ಆದರೆ ಮತದ ಹೊತ್ತಿಗೆ ನಿಮಗೂ ನೆನಪಾಗಬೇಕಿತ್ತು."

ಹದಿನೈದು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಕೋಪಿಸಿಕೊಂಡಿದ್ದರೆ ಸಲೀಸಾಗಿರುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತರು.

"ನಾನು ಹೇಳಿದ ಸಂಖ್ಯೆ ತಪ್ಪು ಅನ್ಸುತ್ತಾ ನಿನಗೆ?"

"ಗೊತ್ತಿಲ್ಲ. ಅದನ್ನ ಹೇಳೋಷ್ಟು ಓದು ನಾನು ಮುಗಿಸಲಿಲ್ಲವಲ್ಲ."

"ಸರಿ ಅಂತ ನಾನು ಹೇಳ್ತಿದ್ದೀನಿ. ಸಾಲದಾ?"

"ನನಗೆ ಸಾಕು ಸರ್. ನಾನು ನಿಮ್ಮ ಮನೆಯವಳ ಹಾಗೆ. ಟವರ್ ಪಕ್ಕದ ಮನೆಯವರಿಗೆ ನೀವು ಏನೂ ಆಗಬೇಕಿಲ್ಲವಲ್ಲ."

"ಹಾಗಿದ್ರೆ ಮೇಜಿನ ಮೇಲೆ ಇಟ್ಟುಬಿಡು. ನನ್ನ ಹತ್ತಿರ ಯಾಕೆ ಬಂದೆ?"

"ನೀವೇ ಎದ್ದು ಹೇಳಿದ್ರೆ ಚೆನ್ನಾಗಿರುತ್ತೆ ಅಂತ."

ಅವರು ಜೆರಾಕ್ಸನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. "ಹೊತ್ತಾಯ್ತು. ಮಗು ಕಾಯ್ತಿರುತ್ತೆ, ಹೋಗು."

ಅವತ್ತು ಅಮ್ಮ ಟೀ ಕೊಟ್ಟರು. ಕಟ್ಟೆಯ ಮೇಲೆ ಕೂತು ಕುಡಿದೆ. ಏನು ಮಾತಾಡಿದೆವೋ ನೆನಪಿಲ್ಲ. ಮಗಳು ಭಾಗಾಕಾರದ ಪುಸ್ತಕ ಹಿಡಿದು ತಾತ ಬರಲಿ, ಇನ್ನೊಂದು ಲೆಕ್ಕ ಉಳಿದಿದೆ ಎಂದು ಹಟ ಮಾಡಿದಳು. ಎಳೆದುಕೊಂಡು ಬಂದೆ.

ಆ ವಾರ ಇಡೀ ಇಲಿಯ ಮಾತು ತಲೆಯಲ್ಲಿ ಕೊರೆಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ, ಮಗಳ ಜಡೆ ಹೆಣೆಯುವಾಗ ನನಗೆ ನಾನೇ ವಾದ ಮಾಡಿದೆ. ಯಾರನ್ನಾದರೂ ಕೇಳೋಣವೆಂದರೆ, ಇಂಥದ್ದನ್ನೆಲ್ಲ ನಾನು ಕೇಳುತ್ತಿದ್ದದ್ದು ಮೇಷ್ಟ್ರನ್ನೇ. ಮೊಬೈಲಿನಲ್ಲಿ ಹೆಸರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಗ್ಯಾಸಿನವನು, ಶಾಲೆಯ ವ್ಯಾನಿನವನು, ಹಲ್ಲಿನ ಡಾಕ್ಟರು. ಕೊನೆಗೆ ಒಂದು ಖಾಲಿ ಫಾರಂ ತೆಗೆದು ನನ್ನ ಹೆಸರು ಬರೆದೆ. ಬರೆದುಕೊಳ್ಳುವವಳಿಂದ ಫಾರಂ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಎರಡೂವರೆ ವರ್ಷ ಒಕ್ಕೂಟದ ವೇತನ ಪಡೆದಿದ್ದೇನೆ, ಅಧ್ಯಕ್ಷರ ಮನೆಯಲ್ಲಿ ನನ್ನ ಮಗಳು ಬೆಳೆಯುತ್ತಿದ್ದಾಳೆ ಎಂದು ಎರಡು ಗೆರೆಯಲ್ಲಿ ಬರೆದೆ.

ಸಭೆಯಲ್ಲಿ ಎಲ್ಲರ ಮೊದಲ ಫಾರಂಗಳನ್ನೂ ಹಂಚಿದೆ. ಟವರಣ್ಣನದು ಗೊತ್ತಿದ್ದದ್ದೇ, ಉಳಿದವರದ್ದರಲ್ಲಿ ಏನೂ ಇರಲಿಲ್ಲ. ಮೇಷ್ಟ್ರದನ್ನು ಓದುತ್ತ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಲೆಕ್ಕದ ಮೇಡಂ ಬಾಯಿ ತೆರೆಯುವ ಮುಂಚೆಯೇ ಮೇಷ್ಟ್ರು ಎದ್ದರು. ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿ, "ಮತ ಹಾಕಿ," ಎಂದಷ್ಟೇ ಹೇಳಿ ಹೊರಗೆ ನಡೆದರು. ಟವರಣ್ಣ ಹಿಂದೆಯೇ ಹೋದರು. ನಾನೂ ಎದ್ದೆ.

"ನೀವೆಲ್ಲಿಗೆ? ಬರೆದುಕೊಳ್ಳೋರು ಬೇಡವಾ?" ಎಂದರು ಮೇಡಂ.

ನನ್ನ ಫಾರಂ ಅವರ ಮುಂದಿಟ್ಟೆ. ಓದಿ, ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ಡಾಕ್ಟ್ರೇ, ಪೆನ್ನು ತಗೊಳ್ಳಿ," ಎಂದರು.

ಕಾರಿಡಾರಿನ ಬೆಂಚಿನ ಮೇಲೆ ಮೂವರಾದೆವು, ನಡುವೆ ಟವರಣ್ಣ. "ಇಷ್ಟು ವರ್ಷ ಒಬ್ಬನೇ ಕೂತು ಕೂತು ಬೇಜಾರಾಗಿತ್ತು," ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಬಂದ ನೆಪ ಮಾಡಿ ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಬೆಂಚಿನಲ್ಲಿ ಅವರ ಜಾಗ ಖಾಲಿ ಉಳಿಯಿತು. ಅದರ ಈ ಕಡೆ ನಾನು, ಆ ಕಡೆ ಮೇಷ್ಟ್ರು.

ಬಾಗಿಲು ತೆರೆಯಲು ನಲವತ್ತು ನಿಮಿಷ ಬೇಕಾಯಿತು. ಮೂರು ಮತ ಪರ, ಎರಡು ವಿರುದ್ಧ, ಪ್ರಸ್ತಾವ ಪಾಸಾಗಿತ್ತು. ಮೇಷ್ಟ್ರು ಹೇಳಿದ ಅದೇ ಸಂಖ್ಯೆ. ಬೇರೊಂದು ಪ್ರಯೋಗಾಲಯದಿಂದಲೂ ಅಳೆಸಬೇಕೆಂದು ಮೇಡಂ ಹಟ ಹಿಡಿದು ಒಂದು ಸಾಲು ಸೇರಿಸಿದ್ದರು. "ಸದ್ಯಕ್ಕೆ ಬೇರೆ ಅಳತೆ ಎಲ್ಲಿದೆ? ನಮ್ಮ ಮುಂದೆ ಇದ್ದದ್ದು ಇವರದ್ದೊಂದೇ," ಎಂದರು ಡಾಕ್ಟರು, ನನ್ನಲ್ಲಿ ಕ್ಷಮೆ ಕೇಳುವವರ ಹಾಗೆ. ಮೇಷ್ಟ್ರು ಹೊರಗೆ ಬಂದು ಕೂತಿದ್ದರು. ಅವರ ಅಳತೆ ಒಳಗೇ ಕೂತಿತ್ತು.

ಮೇಷ್ಟ್ರು ಕೇಳಿಸಿಕೊಂಡು ತಲೆಯಾಡಿಸಿದರು. ಗೆದ್ದವರ ಮುಖ ಅದಾಗಿರಲಿಲ್ಲ. ಮೆಟ್ಟಿಲ ಹತ್ತಿರ ನನಗಾಗಿ ನಿಂತರು.

"ಮಗು ಬರ್ತಾ ಇರಲಿ, ಅದನ್ನ ನಿಲ್ಲಿಸಬೇಡ. ಅವಳಿಗೂ ಇದಕ್ಕೂ ಸಂಬಂಧವಿಲ್ಲ."

"ಸರಿ ಸರ್."

"ನೀನು ಗೇಟಿನ ಹತ್ತಿರ ನಿಂತು ಕರಿ. ಕಳಿಸಿಕೊಡ್ತೀವಿ."

ನಾನು ತಲೆಯಾಡಿಸಿದೆ. ಅವರು ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮೊದಲೆಲ್ಲ ಆ ಮೆಟ್ಟಿಲುಗಳಲ್ಲಿ ನನ್ನ ಭುಜ ಹಿಡಿಯುತ್ತಿದ್ದರು.

ಆರೂಕಾಲಿಗೆ ಅವರ ಗೇಟಿನ ಮುಂದೆ ನಿಂತೆ. ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಒಳಗೆ ಮೇಷ್ಟ್ರು ಏನೋ ಹೇಳಿದರು, ಮಗಳು ಗಟ್ಟಿಯಾಗಿ ನಕ್ಕಳು, ಅಮ್ಮ ಪಾತ್ರೆ ಇಟ್ಟ ಸದ್ದಾಯಿತು. ಕರೆಯಬೇಕಿತ್ತು. ಲೆಕ್ಕ ಮುಗಿಸಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ ಅವಳ ಹೆಸರು ಕೂಗಿದೆ. ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದವಳು ಗೇಟಿನ ಆ ಕಡೆಯೇ ನಿಂತು ಕೇಳಿದಳು:

"ಯಾಕಮ್ಮಾ, ಒಳಗೆ ಬರಲ್ವಾ?"

"ತಡವಾಗಿದೆ ಪುಟ್ಟಾ," ಎಂದೆ. ಅವಳ ಬ್ಯಾಗನ್ನು ನಾನು ಹೆಗಲಿಗೆ ಹಾಕಿಕೊಂಡೆ.